ಒಂದು ಆರ್ಡರ್, ಎರಡು ಲೋಡ್: ಕ್ಯಾಮೆಲ್‌ಗೆ ರೆಡಿಸ್ ಜೋಡಿಸಿದ ಒಂದು ಪ್ರಕರಣ

ಗಜೇಂದ್ರಗಡದ ಪೈಪ್ ಅಂಗಡಿಯವರು ಒಂದು ಲೋಡ್ ಪಿವಿಸಿ ಪೈಪಿಗೆ ಆರ್ಡರ್ ಕೊಟ್ಟಿದ್ದರು. ಮರುದಿನ ಲೋಡ್ ಬಂತು. ಅದರ ಮರುದಿನ ಇನ್ನೊಂದು ಲೋಡ್ ಬಂತು. ಅದೇ ಸೈಜು, ಅದೇ ನಗ, ಬಿಲ್ ನಂಬರ್ ಮಾತ್ರ ಬೇರೆ. ಅಂಗಡಿಯವರು ಹುಬ್ಬಳ್ಳಿಗೆ ಫೋನ್ ಹಚ್ಚಿದರು: "ಏನ್ರೀ ಅಣ್ಣಾರ, ನಿನ್ನೆ ಬಂದ ಮಾಲ ಇನ್ನೂ ಒಳಗ ಇಟ್ಟಿಲ್ಲ, ಇವತ್ತ ಮತ್ತ ಅದ ಲೋಡ್ ಕಳಿಸೀರಲ್ಲ? ಇಡಾಕ ಜಾಗ ಎಲ್ಲೈತಿ?"

ಮಾಲು ಕಳಿಸಿದವರು ಹುಬ್ಬಳ್ಳಿಯ ಒಬ್ಬ ಸಗಟು ವ್ಯಾಪಾರಿ. ಹೆಸರು ಇಲ್ಲಿ ಬೇಡ. ಪೈಪು, ಸ್ಪ್ರಿಂಕ್ಲರ್ ಸೆಟ್, ಡ್ರಿಪ್ ಸಾಮಾನು, ಪಂಪ್‌ಸೆಟ್ ಬಿಡಿಭಾಗ ಇವರ ವ್ಯಾಪಾರ. ಗೋಡೌನ್ ತಾರಿಹಾಳದ ಕಡೆ. ಅಣ್ಣಿಗೇರಿ, ಗದಗ, ರೋಣ, ಗಜೇಂದ್ರಗಡದ ಕಡೆಗೆ ಒಂದು ಲೈನ್. ಶಿಗ್ಗಾವಿ, ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿಗೆ ಇನ್ನೊಂದು ಲೈನ್. ಎರಡೂ ಲೈನ್‌ನಲ್ಲಿ ಹುಡುಗರು ಬೈಕ್ ಮೇಲೆ ಅಂಗಡಿ ಅಂಗಡಿ ತಿರುಗಿ ಫೋನಿನಲ್ಲಿ ಆರ್ಡರ್ ಬರೆದುಕೊಳ್ಳುತ್ತಾರೆ.

ಎರಡು ಸಲ ಹೋಗಿದ್ದು ಅದೊಂದೇ ಆರ್ಡರ್ ಅಲ್ಲ. ಹುಡುಕಿದಾಗ ರೋಣದ ಕಡೆಯದು, ಬ್ಯಾಡಗಿ ಕಡೆಯದು ಇನ್ನೂ ಕೆಲವು ಸಿಕ್ಕವು. ಸೀಸನ್‌ನಲ್ಲಿ ಒಬ್ಬರೇ ಅಂಗಡಿಯವರು ಬೆನ್ನುಬೆನ್ನಿಗೆ ಆರ್ಡರ್ ಕೊಡುವುದು ಮಾಮೂಲು. ಹಾಗಾಗಿ ಗೋಡೌನ್‌ನವರಿಗೆ ಅನುಮಾನ ಬಂದಿರಲಿಲ್ಲ. ಕೆಲವು ಅಂಗಡಿಯವರು ಹೆಚ್ಚುವರಿ ಮಾಲನ್ನು ಸುಮ್ನೆ ಇಟ್ಟುಕೊಂಡು ಮಾರಿಬಿಟ್ಟಿದ್ದರು.

ಪೈಪು ವಾಪಸ್ ತರುವ ಬಾಡಿಗೆಗಿಂತ ದೊಡ್ಡ ತಲೆನೋವು ಬಿಲ್ಲಿನದು. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ದಾಟಿದವರಿಗೆ 2023ರ ಆಗಸ್ಟ್ 1ರಿಂದ ಜಿಎಸ್‌ಟಿ ಇ-ಇನ್‌ವಾಯ್ಸ್ ಕಡ್ಡಾಯ. ಪೋರ್ಟಲ್‌ನಿಂದ ಬರುವ ಐಆರ್‌ಎನ್ ಎಂಬ 64 ಅಕ್ಷರದ ಗುರುತು ಹುಟ್ಟುವುದು ಮಾರುವವರ ಜಿಎಸ್‌ಟಿ ಸಂಖ್ಯೆ, ಹಣಕಾಸು ವರ್ಷ, ದಾಖಲೆಯ ಬಗೆ ಮತ್ತು ಬಿಲ್ ನಂಬರ್ ಸೇರಿ. ಅದೇ ಬಿಲ್ ನಂಬರ್ ಮತ್ತೆ ಕಳಿಸಿದರೆ ಪೋರ್ಟಲ್ ಹಿಡಿಯುತ್ತದೆ. ಇಲ್ಲಿ ಎರಡನೇ ಬಿಲ್ಲಿಗೆ ಹೊಸ ನಂಬರ್ ಬಿದ್ದಿತ್ತು. ಪೋರ್ಟಲ್ ಪಾಲಿಗೆ ಅದು ಬೇರೆಯೇ ವ್ಯಾಪಾರ, ಹಿಡಿಯಲು ಸಾಧ್ಯವೇ ಇಲ್ಲ. ಐಆರ್‌ಎನ್ ರದ್ದು ಮಾಡಲು 24 ಗಂಟೆ ಸಮಯ. ಲಾರಿ ಹೋಗಿ, ಅಂಗಡಿಯವರು ಫೋನ್ ಮಾಡುವ ಹೊತ್ತಿಗೆ ಆ ಸಮಯ ಮುಗಿದಿರುತ್ತಿತ್ತು. ಆಮೇಲೆ ಬಿಲ್ಲಿನ ಮೊತ್ತವನ್ನು ಅಂಗಡಿಯವರ ಲೆಕ್ಕಕ್ಕೆ ವಾಪಸ್ ಜಮಾ ಮಾಡುವ ಕ್ರೆಡಿಟ್ ನೋಟ್ ಒಂದೇ ದಾರಿ.

ಮೊದಲ ಅನುಮಾನ ಬಿದ್ದದ್ದು ಲೈನ್ ಹುಡುಗರ ಮೇಲೆ. ಟಾರ್ಗೆಟ್ ಮುಟ್ಟಲು ಎರಡು ಸಲ ಒತ್ತುತ್ತಾರೆ ಎಂದು ಮಾತಾಯಿತು. "ತಮ್ಮಾ, ಗುಂಡಿ ಎಷ್ಟ ಸಲ ಒತ್ತೀಯೋ?" ಎಂದು ಮಾಲೀಕರು ಕೇಳಿದರೆ, ರೋಣದ ಲೈನ್ ಹುಡುಗ "ಸಾಹುಕಾರ್ರ, ಒಂದ ಸಲ ಒತ್ತೇನ್ರಿ, ಬೇಕಾದ್ರ ಫೋನ್ ನೋಡ್ರಿ" ಎಂದ. ಅವನ ಆ ತಿಂಗಳ ಕಮಿಷನ್ ತಡೆಹಿಡಿದಿದ್ದರು.

ಹುಡುಕಲು ನಮ್ಮನ್ನು ಕರೆದರು. ಹುಡುಗನ ಮಾತು ನಿಜ ಎಂದು ತೋರಿಸಲು ಸರ್ವರ್‌ನ ಲಾಗ್, ಅಂದರೆ ಏನು ಯಾವಾಗ ಬಂತು ಎಂಬ ದಾಖಲೆ, ಒಂದೇ ಸಾಕಾಯಿತು. ಆರ್ಡರ್ ಬರೆದ ಕೂಡಲೇ ಫೋನಿನ ಆ್ಯಪ್ ಅದಕ್ಕೊಂದು ಐಡಿ ಕೊಡುತ್ತದೆ. ಎರಡು ಸಲ ಒತ್ತಿದ್ದರೆ ಐಡಿ ಎರಡು ಆಗಬೇಕಿತ್ತು. ಲಾಗ್‌ನಲ್ಲಿ ಎರಡೂ ಆರ್ಡರ್‌ಗೆ ಒಂದೇ ಐಡಿ ಇತ್ತು. ಒಂದು ಬಂದದ್ದು ಸಂಜೆ, ಇನ್ನೊಂದು ಮರುದಿನ ಬೆಳಿಗ್ಗೆ. ಅಂದರೆ ಆ್ಯಪ್ ತಾನೇ ಮತ್ತೆ ಕಳಿಸಿದೆ. ಆ್ಯಪ್ ಹಾಗೆ ಮಾಡುವುದು ಸರಿಯೇ. ಸರ್ವರ್‌ನಿಂದ "ಬಂತು" ಎಂಬ ಉತ್ತರ ಬರುವ ತನಕ ಆರ್ಡರ್ ಫೋನಿನಲ್ಲೇ ಇರುತ್ತದೆ, ನೆಟ್‌ವರ್ಕ್ ಸಿಕ್ಕಾಗ ಮತ್ತೆ ಹೋಗುತ್ತದೆ. ಊರ ಹೊರಗೆ ಸಿಗ್ನಲ್ ಕೈಕೊಟ್ಟು, ಆರ್ಡರ್ ಮುಟ್ಟಿ ಉತ್ತರ ಮಾತ್ರ ಮುಟ್ಟದಿದ್ದರೆ ಬೆಳಿಗ್ಗೆ ಎರಡನೇ ಸಲ ಬರುತ್ತದೆ. ಅದನ್ನು ಗುರುತಿಸಿ ಬಿಡಬೇಕಾದದ್ದು ಸರ್ವರ್‌ನ ಕೆಲಸ. ಅದಕ್ಕೆಂದೇ ಒಂದು ತಡೆ ಹಾಕಿದ್ದರು. ಆ ತಡೆ ಯಾಕೆ ಕೆಲಸ ಮಾಡಲಿಲ್ಲ, ಅದೂ ಕೆಲವು ದಿನ ಮಾತ್ರ ಯಾಕೆ ಮಾಡಲಿಲ್ಲ ಎಂಬುದೇ ಈ ಪ್ರಕರಣ.

ನಡುವೆ ಕೂತಿದ್ದ ವ್ಯವಸ್ಥೆ

ಫೋನ್ ಆ್ಯಪ್, ಲೆಕ್ಕ-ಬಿಲ್ಲಿನ ಸಾಫ್ಟ್‌ವೇರ್ ಟ್ಯಾಲಿ, ಇ-ಇನ್‌ವಾಯ್ಸ್ ಸೇವೆ, ಲಾರಿಯವರಿಗೆ ಹೋಗುವ ಮೆಸೇಜು, ಇವೆಲ್ಲದರ ನಡುವೆ ಅಪಾಚೆ ಕ್ಯಾಮೆಲ್ ಕೂತಿತ್ತು. 2007ರಿಂದ ಇರುವ ಓಪನ್ ಸೋರ್ಸ್ ಸಾಫ್ಟ್‌ವೇರ್ ಇದು. ಒಂದು ಕಡೆಯಿಂದ ಬಂದ ಸಂದೇಶವನ್ನು ಇನ್ನೊಂದು ಕಡೆಗೆ ಬೇಕಾದ ರೂಪಕ್ಕೆ ತಿರುಗಿಸಿ ಸಾಗಿಸುವುದು ಅದರ ಕೆಲಸ. ಆರ್ಡರ್ ಬಂದರೆ ಎಕ್ಸ್‌ಎಂಎಲ್ ಮಾಡಿ 9000ನೇ ಪೋರ್ಟ್‌ನಲ್ಲಿ ಕೇಳುತ್ತಿರುವ ಟ್ಯಾಲಿಗೆ ಕೊಡುತ್ತದೆ, ಬಿಲ್ ಆದ ಮೇಲೆ ಐಆರ್‌ಎನ್ ತರುತ್ತದೆ. ಇಷ್ಟರಲ್ಲಿ ದೋಷ ಏನೂ ಇರಲಿಲ್ಲ.

ಕ್ಯಾಮೆಲ್‌ನ ಪಕ್ಕಕ್ಕೆ ರೆಡಿಸ್ ಜೋಡಿಸಿದ್ದರು. 2009ರಲ್ಲಿ ಇಟಲಿಯ ಸಾಲ್ವತೋರೆ ಸಾನ್‌ಫಿಲಿಪ್ಪೊ ಶುರು ಮಾಡಿದ, ಡೇಟಾವನ್ನು ಮೆಮೊರಿಯಲ್ಲೇ ಇಟ್ಟುಕೊಂಡು ಉತ್ತರಿಸುವ ಸ್ಟೋರ್ ಅದು. ಇಲ್ಲಿ ಅದರೊಳಗೆ ನಾಲ್ಕು ಬಗೆಯ ಸಾಮಾನು ಇತ್ತು. ಪ್ರತಿ ಡೀಲರ್‌ಗೆ ಪ್ರತಿ ಐಟಂನ ದರ. ಸ್ಟಾಕ್ ಲೆಕ್ಕ. ಇ-ಇನ್‌ವಾಯ್ಸ್ ಸೇವೆಯ ಒಳಗೆ ಹೋಗಲು ಬೇಕಾದ, 6 ಗಂಟೆ ಬಾಳುವ ಟೋಕನ್. ಮತ್ತು ಈಗಾಗಲೇ ಬಂದುಹೋದ ಆರ್ಡರ್ ಐಡಿಗಳ ಪಟ್ಟಿ.

ಆ ನಾಲ್ಕನೆಯದೇ ತಡೆ. ಕ್ಯಾಮೆಲ್‌ನಲ್ಲಿ ಇದಕ್ಕೆ ಐಡೆಂಪೊಟೆಂಟ್ ಕನ್ಸ್ಯೂಮರ್ ಎನ್ನುತ್ತಾರೆ. ಗೋಡೌನ್ ಗೇಟಿನ ವಾಚ್‌ಮನ್ ಲಾರಿ ನಂಬರನ್ನು ವಹಿಯಲ್ಲಿ ಬರೆದುಕೊಳ್ಳುವ ಹಾಗೆ, ಬಂದ ಐಡಿಯನ್ನು ಬರೆದಿಟ್ಟುಕೊಂಡು, ಅದೇ ಮತ್ತೆ ಬಂದರೆ ಒಳಗೆ ಬಿಡುವುದಿಲ್ಲ. ರೆಡಿಸ್‌ನಲ್ಲಿ ಬರೆದಿಡಲು ಸ್ಪ್ರಿಂಗ್‌ರೆಡಿಸ್‌ಐಡೆಂಪೊಟೆಂಟ್‌ರೆಪಾಸಿಟರಿ ಎಂಬ ಸಿದ್ಧ ಭಾಗ ಬಳಸಿದ್ದರು. ಅದು ಎಲ್ಲ ಐಡಿಗಳನ್ನೂ ಒಂದೇ ಸೆಟ್‌ನಲ್ಲಿ, ಅಂದರೆ ಒಂದೇ ಕೀ ಅಡಿಯಲ್ಲಿ ಇಡುತ್ತದೆ. ಕೀ ಎಂದರೆ ರೆಡಿಸ್‌ನಲ್ಲಿ ಇಟ್ಟ ಸಾಮಾನಿನ ಹೆಸರು. ಸೆಟ್‌ಗೆ ಐಡಿ ಸೇರಿಸುವ ಎಸ್‌ಎಡಿಡಿ ಆಜ್ಞೆಗೆ ರೆಡಿಸ್ 1 ಎಂದರೆ ಹೊಸದು, 0 ಎಂದರೆ ಮೊದಲೇ ಇತ್ತು. ಈ ಆಜ್ಞೆಯಲ್ಲಿ ನೋಡುವುದು, ಸೇರಿಸುವುದು ಎರಡೂ ಒಂದೇ ಏಟಿಗೆ ಆಗುತ್ತದೆ. ಒಳ್ಳೆಯ ವಿನ್ಯಾಸವೇ.

ಇಲ್ಲದ ಕೀ, ಇದ್ದ ಕೀ

ಈ ಪಟ್ಟಿಯನ್ನು ಮೊದಲೇ ಒಬ್ಬರು ಪರೀಕ್ಷಿಸಿದ್ದರು. ರೆಡಿಸ್‌ಗೆ ನೇರವಾಗಿ ಆಜ್ಞೆ ಕೊಡುವ ರೆಡಿಸ್-ಸಿಎಲ್‌ಐ ತೆರೆದು, ಕೋಡ್‌ನಲ್ಲಿದ್ದ ಹೆಸರನ್ನೇ ಕೊಟ್ಟು ಸೆಟ್‌ನಲ್ಲಿ ಎಷ್ಟು ಇವೆ ಎಂದು ಕೇಳಿದ್ದರು. ಉತ್ತರ 0. "ಪಟ್ಟಿಯೇ ಬರೆಯುತ್ತಿಲ್ಲ" ಎಂದು ಟಿಪ್ಪಣಿ ಹಾಕಿ, ಕ್ಯಾಮೆಲ್ ಕೋಡ್ ತಿದ್ದಲು ಹೋಗಿದ್ದರು. ಎಷ್ಟು ತಿದ್ದಿದರೂ ಉತ್ತರ 0 ಬಿಟ್ಟು ಕದಲಲಿಲ್ಲ.

ಪಟ್ಟಿ ಇತ್ತು, ಹೆಸರು ಮಾತ್ರ ಬೇರೆ ಇತ್ತು. ಇಲ್ಲಿ ರೆಡಿಸ್‌ಗೆ ಬರೆಯುವುದು ಸ್ಪ್ರಿಂಗ್ ಎಂಬ ಜಾವಾ ಸಾಫ್ಟ್‌ವೇರ್‌ನ ರೆಡಿಸ್‌ಟೆಂಪ್ಲೇಟ್. ಅದಕ್ಕೆ ಸೀರಿಯಲೈಜರ್, ಅಂದರೆ ಡೇಟಾವನ್ನು ಬೈಟ್‌ಗಳಿಗೆ ತಿರುಗಿಸುವ ಭಾಗ, ಯಾವುದೆಂದು ಹೇಳದೆ ಬಿಟ್ಟರೆ, ಕೀಯನ್ನೂ ಮೌಲ್ಯವನ್ನೂ ಜಾವಾದ ಸ್ವಂತ ರೂಪಕ್ಕೆ ತಿರುಗಿಸಿ ಬರೆಯುತ್ತದೆ. ಆಗ ಹೆಸರಿನ ಮುಂದೆ ಎಸಿ, ಇಡಿ, 00, 05, 74 ಎಂಬ ಬೈಟ್‌ಗಳು, ಆಮೇಲೆ ಹೆಸರಿನ ಉದ್ದ ಹೇಳುವ ಎರಡು ಬೈಟ್ ಅಂಟಿಕೊಳ್ಳುತ್ತವೆ. ಮೊದಲ ಎರಡು ಜಾವಾ ಸೀರಿಯಲೈಸೇಷನ್‌ನ ಗುರುತು, 05 ಅದರ ಆವೃತ್ತಿ, 74 ಎಂದರೆ ಮುಂದಿರುವುದು ಸ್ಟ್ರಿಂಗ್ ಎಂದು. ಸ್ಕ್ಯಾನ್ ಆಜ್ಞೆ ಕೊಟ್ಟು, ಹೆಸರಿನ ಹಿಂದೆ ಮುಂದೆ ನಕ್ಷತ್ರ ಚಿಹ್ನೆ ಹಾಕಿ ಹುಡುಕಿದರೆ ಬೈಟ್‌ಗಳು ಅಂಟಿಕೊಂಡ ಈ ಕೀ ಎದ್ದು ಕಾಣುತ್ತದೆ. ಕೆಲಸ ನಡೆಯುತ್ತಿರುವ ಸರ್ವರ್‌ನಲ್ಲಿ, ಎಲ್ಲ ಕೀಗಳನ್ನೂ ಒಂದೇ ಸಲ ಹುಡುಕುವ ಕೀಸ್ ಆಜ್ಞೆ ಕೊಡಬಾರದು ಎನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ರೆಡಿಸ್ ಆಜ್ಞೆಗಳನ್ನು ಒಂದಾದ ಮೇಲೆ ಒಂದು ನಡೆಸುತ್ತದೆ. ಲಕ್ಷಗಟ್ಟಲೆ ಕೀ ಇರುವಲ್ಲಿ ಕೀಸ್ ಕೊಟ್ಟರೆ ಅದು ಮುಗಿಯುವ ತನಕ ಉಳಿದವರೆಲ್ಲ ಕಾಯಬೇಕು.

ಪೂರ್ತಿ ಹೆಸರು ಕೊಟ್ಟು ಕೇಳಿದಾಗ ಸೆಟ್‌ನಲ್ಲಿ ಐಡಿಗಳಿದ್ದವು. ಆದರೆ ಇರಬೇಕಾದಷ್ಟು ಇರಲಿಲ್ಲ. ವರ್ಷದ ಆರ್ಡರ್‌ಗಳು ಇರಬೇಕಾದ ಕಡೆ ಕೆಲವೇ ದಿನಗಳದ್ದು ಇತ್ತು. ಆ ಸೆಟ್‌ಗೆ ಅವಧಿ, ಅಂದರೆ ಇಷ್ಟು ಹೊತ್ತಾದ ಮೇಲೆ ತಾನಾಗಿ ಅಳಿಸಿಹೋಗು ಎಂಬ ಗಡುವು, ಹಾಕಿರಲಿಲ್ಲ, ಯಾವ ಪ್ರೋಗ್ರಾಮೂ ಅದನ್ನು ಅಳಿಸುವುದಿಲ್ಲ, ರೆಡಿಸ್ ರೀಸ್ಟಾರ್ಟ್ ಆಗಿರಲಿಲ್ಲ. ಹಾಗಾದರೆ ಹಳೆಯದು ಎಲ್ಲಿ ಹೋಯಿತು?

ರಾತ್ರಿಯ ದರಪಟ್ಟಿ

ಇನ್‌ಫೋ ಆಜ್ಞೆಯ ಅಂಕಿ-ಅಂಶದಲ್ಲಿ ಎವಿಕ್ಟೆಡ್ ಕೀಸ್ ಎಂಬ ಸಾಲು ಇರುತ್ತದೆ. ಮೆಮೊರಿ ಮಿತಿ ಮುಟ್ಟಿದಾಗ ರೆಡಿಸ್ ತಾನಾಗಿ ಹೊರಹಾಕಿದ ಕೀಗಳ ಸಂಖ್ಯೆ ಅದು. ಇಲ್ಲಿ ಅದು 0 ಇರಲಿಲ್ಲ, ಬಹಳ ದೊಡ್ಡದಿತ್ತು. ಮಿತಿ 1 ಜಿಬಿ, ನೀತಿ ಆಲ್‌ಕೀಸ್-ಎಲ್‌ಆರ್‌ಯು, ಅಂದರೆ ಜಾಗ ಮುಗಿದರೆ ಎಲ್ಲ ಕೀಗಳ ಪೈಕಿ ಬಹಳ ಹೊತ್ತಿನಿಂದ ಮುಟ್ಟದ್ದನ್ನು ಹೊರಹಾಕು ಎಂದು.

ರೆಡಿಸ್‌ನ ಮೂಲ ನೀತಿ ನೋಎವಿಕ್ಷನ್. ಜಾಗ ಮುಗಿದರೆ ಬರೆಯಲು ಬಿಡುವುದಿಲ್ಲ, ಎರರ್ ಕೊಡುತ್ತದೆ. ಹಿಂದೊಮ್ಮೆ ದರಪಟ್ಟಿ ತುಂಬುವಾಗ ಆ ಎರರ್ ಬಂದು, ಆಗಿದ್ದ ಪ್ರೋಗ್ರಾಮರ್ ನೀತಿಯನ್ನು ಆಲ್‌ಕೀಸ್-ಎಲ್‌ಆರ್‌ಯು ಮಾಡಿದ್ದರು. ಬರೇ ದರಪಟ್ಟಿ ಇದ್ದ ಕಾಲದಲ್ಲಿ ಅದು ಸರಿಯಾದ ಕೆಲಸವೇ. ದರದ ಕೀ ಒಂದು ಹೋದರೆ ಏನೂ ಆಗುವುದಿಲ್ಲ. ಕ್ಯಾಮೆಲ್ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಿಂದ ಓದಿ ಮತ್ತೆ ಇಡುತ್ತದೆ. ಎರಡು ಸಲ ಬಂದ ಆರ್ಡರ್ ತಡೆಯುವ ಪಟ್ಟಿ ಆಮೇಲೆ ಬಂತು. ರೆಡಿಸ್ ಹೇಗೂ ಇದೆಯಲ್ಲ, ಅದರಲ್ಲೇ ಇಡೋಣ ಎಂದರು. ಕನೆಕ್ಷನ್ ಸಿದ್ಧವಿತ್ತು, ಕೋಡ್ ನಾಲ್ಕು ಸಾಲಿನದು. ಆ ನಾಲ್ಕು ಸಾಲು ಬರೆಯುವಾಗ ಯಾರೂ ಕೇಳದ ಪ್ರಶ್ನೆ ಒಂದೇ: ಈ ಕೀ ಕಳೆದುಹೋದರೆ ಎಷ್ಟು ಖರ್ಚು? ದರದ ಕೀಗೆ ಉತ್ತರ, ಡೇಟಾಬೇಸ್‌ಗೆ ಒಂದು ಸಲ ಹೋಗಿ ಬರುವುದು. ಈ ಸೆಟ್‌ಗೆ ಉತ್ತರ, ಒಂದು ಲೋಡ್ ಪೈಪು ಮತ್ತು ಒಂದು ಕ್ರೆಡಿಟ್ ನೋಟ್. ಎರಡನ್ನೂ ಒಂದೇ ನೀತಿಯ ಅಡಿಯಲ್ಲಿ ಇಟ್ಟದ್ದೇ ಈ ಪ್ರಕರಣದ ಬೇರು.

ಕೆಲವು ದಿನ ಮಾತ್ರ ಯಾಕೆ ಎಂಬುದು ಸ್ವಾರಸ್ಯದ ಭಾಗ. ಪಿವಿಸಿ ರೆಸಿನ್ ಬೆಲೆ ಏರಿಳಿದಾಗ ಪೈಪ್ ಕಂಪನಿಗಳು ದರ ಬದಲಿಸುತ್ತವೆ. ಆ ರಾತ್ರಿ ಹಳೆಯ ದರದ ಕೀಗಳನ್ನೆಲ್ಲ ಅಳಿಸಿ, ಎಲ್ಲ ಡೀಲರ್‌ಗಳ ಎಲ್ಲ ಐಟಂಗೂ ಹೊಸ ದರ ತುಂಬುವ ಕೆಲಸ ನಡೆಯುತ್ತದೆ. ಹಾವೇರಿ ಕಡೆ ಹೊಸ ಡೀಲರ್‌ಗಳು ಸೇರಿದ ಮೇಲೆ ಪೂರ್ತಿ ಪಟ್ಟಿ 1 ಜಿಬಿ ಒಳಗೆ ಹಿಡಿಸುತ್ತಿರಲಿಲ್ಲ. ತುಂಬುತ್ತಾ ತುಂಬುತ್ತಾ ಮಿತಿ ಮುಟ್ಟಿದಾಗ, ಬಹಳ ಹೊತ್ತಿನಿಂದ ಯಾರೂ ಮುಟ್ಟದ ಕೀಯನ್ನು ರೆಡಿಸ್ ಹುಡುಕುತ್ತದೆ. ಆ ಹೊತ್ತಿನಲ್ಲಿ ದರದ ಕೀಗಳೆಲ್ಲ ಈಗಷ್ಟೇ ಬರೆದವು. ಆರ್ಡರ್ ಐಡಿಗಳ ಸೆಟ್ ಮುಟ್ಟಿದ್ದು ಸಂಜೆ, ಕೊನೆಯ ಆರ್ಡರ್ ಬಂದಾಗ. ಹಗಲೆಲ್ಲ ಅತಿ ಹೆಚ್ಚು ಓಡಾಡುವ ಕೀ ರಾತ್ರಿ ಎರಡು ಗಂಟೆಗೆ ಎಲ್ಲಕ್ಕಿಂತ ಹಳೆಯದಾಗಿ ಕೂತಿರುತ್ತದೆ!

ಆದರೂ ಪ್ರತಿ ಸಲ ಅದೇ ಹೋಗುವುದಿಲ್ಲ. ರೆಡಿಸ್‌ನ ಎಲ್‌ಆರ್‌ಯು ಅಂದಾಜಿನದು. ಎಲ್ಲ ಕೀಗಳನ್ನೂ ಹೋಲಿಸದೆ, ಮಾಮೂಲಿ ಸೆಟ್ಟಿಂಗ್‌ನಲ್ಲಿ 5 ಕೀ ಮಾತ್ರ ಎತ್ತಿ ನೋಡುತ್ತದೆ. 1,00,000 ಕೀಗಳಿದ್ದು, ಅದರಲ್ಲಿ 20,000 ಹೊರಹೋಗಬೇಕು ಎಂದುಕೊಳ್ಳಿ. ತಲಾ 5ರಂತೆ 1,00,000 ಸಲ ಎತ್ತಿದ ಹಾಗಾಯಿತು. ನಮ್ಮ ಸೆಟ್ ಒಮ್ಮೆಯಾದರೂ ಕೈಗೆ ಸಿಗುವ ಸಾಧ್ಯತೆ ಸುಮಾರು 63%. ಸಿಕ್ಕರೆ ಹೋಯಿತು, ಯಾಕೆಂದರೆ ಅದಕ್ಕಿಂತ ಹಳೆಯದು ಹೆಚ್ಚೇನೂ ಇಲ್ಲ. ಸಿಗದಿದ್ದರೆ ಆ ರಾತ್ರಿ ಉಳಿಯಿತು. ದರ ಬದಲಾದ ರಾತ್ರಿಗಳಲ್ಲೂ ಕೆಲವೊಮ್ಮೆ ತೊಂದರೆ, ಕೆಲವೊಮ್ಮೆ ಇಲ್ಲ ಎಂಬುದಕ್ಕೆ ಇದೇ ಕಾರಣ. ಒಂದೇ ಕೀ ಆದ್ದರಿಂದ ಹೋದರೆ ಒಂದೆರಡು ಐಡಿ ಹೋಗುವುದಿಲ್ಲ, ಪಟ್ಟಿಗೆ ಪಟ್ಟಿಯೇ ಹೋಗುತ್ತದೆ. ಬೆಳಿಗ್ಗೆ ಮೊದಲ ಆರ್ಡರ್ ಬಂದಾಗ ರೆಡಿಸ್ ಅದೇ ಹೆಸರಿನಲ್ಲಿ ಹೊಸ ಸೆಟ್ ಹುಟ್ಟಿಸಿ 1 ಎನ್ನುತ್ತದೆ. ಎಲ್ಲೂ ಎರರ್ ಇಲ್ಲ, ಲಾಗ್‌ನಲ್ಲಿ ಒಂದು ಸಾಲೂ ಇಲ್ಲ.

ಇಷ್ಟನ್ನೂ ಲೆಕ್ಕದಲ್ಲಿ ಹೇಳಿದರೆ ಮಾಲೀಕರು ಒಪ್ಪಬೇಕಲ್ಲ. ರೆಡಿಸ್‌ನಲ್ಲಿ ಕೀಸ್ಪೇಸ್ ನೋಟಿಫಿಕೇಷನ್ ಎಂಬುದಿದೆ, ಮಾಮೂಲಾಗಿ ಬಂದ್ ಇರುತ್ತದೆ. ಅದರಲ್ಲಿ ಎವಿಕ್ಟೆಡ್ ಸುದ್ದಿಯನ್ನು ಮಾತ್ರ ಆನ್ ಮಾಡಿ, ದರ ಬದಲಾಗುವ ರಾತ್ರಿಗೆ ಕಾದು, ಬಂದ ಹೆಸರುಗಳನ್ನೆಲ್ಲ ಒಂದು ಫೈಲಿಗೆ ಬರೆಸಿದೆವು. ಬೆಳಿಗ್ಗೆ ಸಾವಿರಾರು ದರದ ಕೀಗಳ ನಡುವೆ ಎಸಿ ಇಡಿಯಿಂದ ಶುರುವಾಗುವ ಆ ಹೆಸರು ಒಂದು ಸಾಲಿನಲ್ಲಿ ಕೂತಿತ್ತು. ರೋಣದ ಹುಡುಗನ ಕಮಿಷನ್ ಅಂದೇ ಬಿಡುಗಡೆ ಆಯಿತು.

ಏನು ಬದಲಿಸಿದೆವು

ಅಂದೇ ಸಂಜೆ ನೀತಿಯನ್ನು ವೊಲಟೈಲ್-ಎಲ್‌ಆರ್‌ಯು ಮಾಡಿದೆವು. ಇದರಲ್ಲಿ ಅವಧಿ ಹಾಕಿದ ಕೀಗಳು ಮಾತ್ರ ಹೊರಹೋಗುತ್ತವೆ. ದರದ ಕೀಗಳಿಗೆ ಅವಧಿ ಇತ್ತು, ಸೆಟ್‌ಗೆ ಇರಲಿಲ್ಲ. ಕಾನ್ಫಿಗ್ ಸೆಟ್ ಆಜ್ಞೆಯಲ್ಲಿ ರೀಸ್ಟಾರ್ಟ್ ಇಲ್ಲದೆ ಆಗುವ ಕೆಲಸ. ಆದರೆ ಇದು ತೇಪೆ. ಸೆಟ್ ಬೆಳೆಯುತ್ತಲೇ ಹೋಗುತ್ತದೆ. ನಾಳೆ ಯಾರಾದರೂ ಜಾಗ ಉಳಿಸಲು ಅದಕ್ಕೊಂದು ಅವಧಿ ಹಾಕಿದರೆ ಮತ್ತೆ ಮೊದಲಿನ ಕಥೆ.

ಆಫೀಸಿನಲ್ಲಿ ಎರಡು ಸಲಹೆ ಬಂದವು. ಮೆಮೊರಿ ಜಾಸ್ತಿ ಮಾಡಿ ಎಂದು ಒಬ್ಬರು. ಆಗಬಹುದಿತ್ತು, ಡೀಲರ್‌ಗಳು ಇನ್ನಷ್ಟು ಸೇರುವ ತನಕ. ಅದೇ ರೆಡಿಸ್‌ನಲ್ಲಿ ಸೆಟ್ ಅನ್ನು ಡೇಟಾಬೇಸ್ 0ರಿಂದ 1ಕ್ಕೆ ಹಾಕಿ ಎಂದು ಇನ್ನೊಬ್ಬರು. ಇದು ಕೇಳಲು ಚೆಂದ. ಬಹಳ ಜನ ಹೀಗೆ ಮಾಡಿ ನೆಮ್ಮದಿಯಿಂದ ಇರುತ್ತಾರೆ. ಆದರೆ ಮೆಮೊರಿ ಮಿತಿ, ಹೊರಹಾಕುವ ನೀತಿ ಎರಡೂ ಇಡೀ ರೆಡಿಸ್‌ಗೆ ಒಂದೇ. ಒಳಗಿನ ಡೇಟಾಬೇಸ್ ನಂಬರ್ ಬದಲಿಸಿದರೆ ಹೆಸರು ಬೇರೆಯಾಗುತ್ತದೆ, ಗತಿ ಬೇರೆಯಾಗುವುದಿಲ್ಲ.

ಕೊನೆಗೆ ಅದೇ ಯಂತ್ರದಲ್ಲಿ 6380ನೇ ಪೋರ್ಟ್‌ನಲ್ಲಿ ಎರಡನೇ ರೆಡಿಸ್ ಎಬ್ಬಿಸಿದೆವು. 6379ರಲ್ಲಿ ದರ, ಸ್ಟಾಕ್, ಟೋಕನ್ ಉಳಿದವು. ಅಲ್ಲಿ ನೀತಿ ಮತ್ತೆ ಆಲ್‌ಕೀಸ್-ಎಲ್‌ಆರ್‌ಯು, ಹೋದರೆ ಹೋಗಲಿ. 6380ರಲ್ಲಿ ಆರ್ಡರ್ ಐಡಿ ಮಾತ್ರ, ನೀತಿ ನೋಎವಿಕ್ಷನ್, ಬರೆದದ್ದನ್ನು ಡಿಸ್ಕ್‌ಗೂ ಇಳಿಸುವ ಎಒಎಫ್ ಆನ್, ಸೆಕೆಂಡಿಗೊಮ್ಮೆ ಸಿಂಕ್. ಇಲ್ಲಿ ಜಾಗ ಮುಗಿದರೆ ಬರೆಯಲು ಎರರ್ ಬರುತ್ತದೆ, ಕ್ಯಾಮೆಲ್ ಆರ್ಡರ್ ತೆಗೆದುಕೊಳ್ಳುವುದಿಲ್ಲ, ಫೋನಿಗೆ "ಬಂತು" ಹೋಗುವುದಿಲ್ಲ, ಆ್ಯಪ್ ಆಮೇಲೆ ಮತ್ತೆ ಕಳಿಸುತ್ತದೆ. ಆರ್ಡರ್ ಒಂದು ಗಂಟೆ ತಡವಾದರೆ ಯಾರಿಗೂ ಕ್ರೆಡಿಟ್ ನೋಟ್ ಬರೆಯಬೇಕಾಗಿಲ್ಲ ಅಲ್ವಾ?

ಒಂದೇ ಸೆಟ್ ಬದಲು ಸ್ಪ್ರಿಂಗ್‌ರೆಡಿಸ್‌ಸ್ಟ್ರಿಂಗ್‌ಐಡೆಂಪೊಟೆಂಟ್‌ರೆಪಾಸಿಟರಿಗೆ ಬಂದೆವು. ಇದು ಪ್ರತಿ ಐಡಿಗೂ ಬೇರೆ ಕೀ ಮಾಡಿ, ಪ್ರತಿಯೊಂದಕ್ಕೂ ಅವಧಿ ಹಾಕಲು ಬಿಡುತ್ತದೆ. ಅವಧಿ 30 ದಿನ ಇಟ್ಟೆವು. ಆ್ಯಪ್ 15 ದಿನಕ್ಕಿಂತ ಹಳೆಯ ಆರ್ಡರ್ ಅನ್ನು ತಾನಾಗಿ ಕಳಿಸದೆ ಹುಡುಗನನ್ನು ಕೇಳುವ ಹಾಗೆ ಮಾಡಿಸಿದೆವು. ಫೋನಿನ ಅವಧಿಗಿಂತ ಸರ್ವರ್‌ನ ಅವಧಿ ದೊಡ್ಡದಿರಲೇಬೇಕು. ಸ್ಟ್ರಿಂಗ್ ಸೀರಿಯಲೈಜರ್ ಹಾಕಿದ್ದರಿಂದ ಈಗ ಕೀ ಹೆಸರು ಕಣ್ಣಿಗೆ ಕಾಣುವ ಹಾಗಿದೆ.

ಹಳೆಯದರಿಂದ ಹೊಸದಕ್ಕೆ ಹೋಗುವ ದಿನ ಒಂದು ಎಚ್ಚರ ಬೇಕಿತ್ತು. ಹೊಸ ರೆಡಿಸ್ ಖಾಲಿ. ಸುಮ್ನೆ ಅದಕ್ಕೆ ತಿರುಗಿಸಿದರೆ ಹಿಂದಿನ ಸಂಜೆಯ ಆರ್ಡರ್‌ಗಳೆಲ್ಲ ಬೆಳಿಗ್ಗೆ ಮತ್ತೆ ಹೊಸದಾಗುತ್ತವೆ. ತೊಂದರೆ ತಪ್ಪಿಸಲು ಮಾಡಿದ ಕೆಲಸವೇ ಅದೇ ತೊಂದರೆ ತಂದಂತಾಗುತ್ತದೆ. ಹಾಗಾಗಿ ಸ್ವಲ್ಪ ದಿನ ಹಳೆಯ ಸೆಟ್ ಮೊದಲು ನೋಡಿ, ಆಮೇಲೆ ಹೊಸದನ್ನು ನೋಡುವ ಹಾಗೆ ಕ್ಯಾಮೆಲ್‌ನಲ್ಲಿ ರೂಟ್, ಅಂದರೆ ಸಂದೇಶ ಸಾಗುವ ದಾರಿ, ಬರೆದೆವು. 6379ರ ನೀತಿಯನ್ನು ಅಲ್ಲಿಯ ತನಕ ವೊಲಟೈಲ್‌ನಲ್ಲೇ ಬಿಟ್ಟಿದ್ದೆವು.

ಇಷ್ಟಾದರೂ ನನ್ನ ಮನಸ್ಸು ಒಪ್ಪದ ಒಂದು ಜಾಗ ಉಳಿದಿತ್ತು. ಕ್ಯಾಮೆಲ್ ಮಾಮೂಲಾಗಿ ಐಡಿಯನ್ನು ಮೊದಲು ಬರೆದು, ಆಮೇಲೆ ಆರ್ಡರ್ ನಡೆಸುತ್ತದೆ. ನಡುವೆ ಎರರ್ ಆದರೆ ಐಡಿಯನ್ನು ತಾನೇ ತೆಗೆದುಹಾಕುತ್ತದೆ. ಆದರೆ ಕರೆಂಟ್ ಹೋಗಿ ಯಂತ್ರವೇ ಬಂದ್ ಆದರೆ ತೆಗೆಯುವವರು ಯಾರು? ಐಡಿ ಉಳಿಯಿತು, ಆರ್ಡರ್ ಟ್ಯಾಲಿಗೆ ಹೋಗಲಿಲ್ಲ. ಮತ್ತೆ ಬಂದರೆ "ಇದು ಬಂದಾಗಿದೆ" ಎಂದು ಬಿಟ್ಟುಬಿಡುತ್ತದೆ. ಎರಡು ಲೋಡ್ ಹೋಗುವುದು ಒಂದು ತೊಂದರೆ, ಒಂದೂ ಹೋಗದಿರುವುದು ಇನ್ನೊಂದು. ಅದಕ್ಕೆ ಪೋಸ್ಟ್‌ಗ್ರೆಸ್‌ನಲ್ಲಿ ಆರ್ಡರ್ ಟೇಬಲ್ ಮಾಡಿ, ಒಂದೇ ಐಡಿ ಎರಡು ಸಲ ಸೇರದ ಹಾಗೆ ಐಡಿ ಕಾಲಂಗೆ ಯೂನಿಕ್ ಇಂಡೆಕ್ಸ್ ಹಾಕಿದೆವು. ಬಂದ ಆರ್ಡರ್ ಮೊದಲು ಆ ಟೇಬಲ್ ಸೇರುತ್ತದೆ, ಆಮೇಲೆ ಫೋನಿಗೆ "ಬಂತು". ರೆಡಿಸ್‌ನಲ್ಲಿ ಐಡಿ ಇದ್ದು ಟೇಬಲ್‌ನಲ್ಲಿ ಸಾಲು ಇಲ್ಲದಿದ್ದರೆ ಟೇಬಲ್‌ನ ಮಾತೇ ನಡೆಯುತ್ತದೆ, ಆರ್ಡರ್ ಒಳಗೆ ಬರುತ್ತದೆ. ಟ್ಯಾಲಿಗೆ ಕಳಿಸುವುದು ಟೇಬಲ್ ನೋಡಿಕೊಂಡು ನಡೆಯುವ ಬೇರೆ ರೂಟ್. ಟ್ಯಾಲಿ ಇರುವ ಕಂಪ್ಯೂಟರ್ ಬಂದ್ ಇದ್ದರೂ ಸಾಲು ಕಾಯುತ್ತಿರುತ್ತದೆ.

ಹಾಗಾದರೆ ರೆಡಿಸ್ ಯಾಕೆ ಬೇಕು ಎಂದು ಕೇಳಬಹುದು. ಇಷ್ಟು ಆರ್ಡರ್‌ಗೆ ನಿಜವಾಗಿ ಬೇಕಿಲ್ಲ, ಟೇಬಲ್ ಒಂದೇ ಸಾಕು. ಮಾಲೀಕರಿಗೂ ಹಾಗೇ ಹೇಳಿದ್ದೆ. ಬೆಳಿಗ್ಗೆ ನೆಟ್‌ವರ್ಕ್ ಬಂದಾಗ ಎಲ್ಲ ಫೋನ್‌ಗಳೂ ಒಟ್ಟಿಗೆ ನುಗ್ಗುವ ಹೊತ್ತಿಗೆ ಮುಂದಿನ ಬಾಗಿಲಲ್ಲಿ ಅದು ಇರಲಿ ಎಂದು ಅವರ ಪ್ರೋಗ್ರಾಮರ್‌ಗಳು ಉಳಿಸಿಕೊಂಡರು. ತಪ್ಪೇನಿಲ್ಲ.

6380ರ ಎವಿಕ್ಟೆಡ್ ಕೀಸ್ 0 ಬಿಟ್ಟು ಬೇರೆ ಏನೇ ಆದರೂ ಮೆಸೇಜ್ ಬರುತ್ತದೆ, ಮೆಮೊರಿ ಮುಕ್ಕಾಲು ತುಂಬಿದರೂ ಬರುತ್ತದೆ. ಉಳಿದಿರುವುದು ವಾಟ್ಸಾಪ್‌ನಲ್ಲಿ ಬರುವ ಆರ್ಡರ್‌ಗಳು. ಹಳೆಯ ಗಿರಾಕಿಗಳು ಚೀಟಿಯ ಫೋಟೋ ತೆಗೆದು ಸೀದಾ ಗೋಡೌನ್ ನಂಬರ್‌ಗೆ ಹಾಕುತ್ತಾರೆ, ಕ್ಲರ್ಕ್ ಅದನ್ನು ನೋಡಿ ಕೈಯಲ್ಲೇ ಟ್ಯಾಲಿಗೆ ಹೊಡೆಯುತ್ತಾನೆ. ಅದಕ್ಕೆ ಐಡಿಯೇ ಇಲ್ಲ, ಯಾವ ಪಟ್ಟಿಯಲ್ಲೂ ಅದು ಸಿಗುವುದಿಲ್ಲ. ಅದನ್ನೂ ಆ್ಯಪ್ ಮೂಲಕವೇ ಹಾಕಿಸಬೇಕು ಎಂದು ಕ್ಲರ್ಕ್‌ಗೆ ಹೇಳಿದ್ದಾರೆ. ಸೀಸನ್ ಮುಗಿಯಲಿ ಎಂದಿದ್ದಾನೆ.